ಬುಟ್ಟಿಯಿಲ್ಲದ ಸೈಕಲ್

ಹೆಜಮಾಡಿಯ ಸುಗಂಧಿಯಕ್ಕ ಮೀನು ಮಾರುವುದು ಬಿಟ್ಟು, ತಲೆಯ ಮೇಲಿನ ಬುಟ್ಟಿ ಇಳಿಸಿದ ವರ್ಷವೇ ಸೈಕಲ್ ಕೊಂಡಳು. ಉಡುಪಿಯ ಅಂಗಡಿಯವನು, "ಅಕ್ಕಾ, ಮುಂದೆ ಬುಟ್ಟಿ ಇರುವ ಲೇಡೀಸ್ ಸೈಕಲ್ ಉಂಟು" ಎಂದಾಗ, "ಬುಟ್ಟಿ ಎಂತಕ್ಕೆ ಮಾರಾಯ? ಹೊತ್ತದ್ದು ಸಾಕು" ಎಂದು, ಡಾಂಬರಿಗೂ ಮರಳುದಾರಿಗೂ ಒಗ್ಗುವ, ಟಗರಿನ ಕೊಂಬಿನಂತೆ ಹ್ಯಾಂಡಲ್ ಬಾಗಿದ ಗ್ರಾವೆಲ್ ಬೈಕನ್ನೇ ಆರಿಸಿದಳು. ಟಯರಿನ ಗಾಳಿ ನೋಡಲು ಅವಳಿಗೆ ಮೀಟರು ಬೇಡ. ಬಂಗುಡೆ ಮೀನಿನ ಹೊಟ್ಟೆ ಒತ್ತಿ ನೋಡಿ ಪಳಗಿದ ಹೆಬ್ಬೆರಳೇ ಸಾಕು. ಕಡಲಗಾಳಿಯ ಉಪ್ಪು ಕಬ್ಬಿಣವನ್ನು ತಿನ್ನುತ್ತದೆಂದು, ಕಾಪುವಿನ ಕಡಲತೀರದವರೆಗೆ ಓಡಿಸಿ ಮರಳಿದ ಕೂಡಲೇ ಬಾವಿಯ ನೀರಲ್ಲಿ ಅದನ್ನು ಮೀಯಿಸಿ, ಚೈನು ಒರೆಸಿ, ಎಣ್ಣೆ ಬಿಟ್ಟು, ಚಾವಡಿಯೊಳಗೆ ನಿಲ್ಲಿಸಿ, ಎದುರಿಗೇ ಚಾಪೆ ಹಾಸಿ ಮಲಗುತ್ತಾಳೆ. ಕನಸಿನಲ್ಲಿ ಕಾರ್ಕಳದ ಏರುದಾರಿ ಅವಳನ್ನು ಅಲೆಯಂತೆ ಮೆಲ್ಲನೆ ಎತ್ತಿ ಇಳಿಸುತ್ತದೆ. "ಬೆನ್ನು ಬಗ್ಗಿಸಿ, ತಲೆ ತಗ್ಗಿಸಿ ಓಡಿಸಬೇಕು ಅಕ್ಕಾ" ಎಂದು ಜೊತೆಗೆ ಸೈಕಲ್ ಓಡಿಸುವ ಮಣಿಪಾಲದ ಸವಾರರು ಹೇಳಿ ಹೇಳಿ ಸೋತಿದ್ದಾರೆ. ಬೆನ್ನು ಬಗ್ಗುತ್ತದೆ, ಕುತ್ತಿಗೆ ಮಾತ್ರ ಬಗ್ಗುವುದಿಲ್ಲ. ದಾರಿಯಲ್ಲೊಂದು ಹಂಪ್ ಬಂದರೆ ಸಾಕು, ಅವಳ ಎಡಗೈ ಬ್ರೇಕು ಬಿಟ್ಟು, ತಾನಾಗಿಯೇ ಮೇಲೇರಿ, ತಲೆಯ ಮೇಲೆ ಇಲ್ಲದ ಬುಟ್ಟಿಯನ್ನು ಹಿಡಿದುಕೊಳ್ಳುತ್ತದೆ.