ಮಂಜಿ ಕಾರು ಆರಿಸಿದ್ದು

ಕಾಸರಕೋಡಿನ ಮಂಜಿ ಹರಿಕಂತ್ರ ಕಾರು ತೆಗೆದುಕೊಳ್ಳುತ್ತಾಳಂತೆ ಎಂಬ ಸುದ್ದಿ ಹೊನ್ನಾವರದ ಮೀನುಪೇಟೆಯಲ್ಲಿ ತಾಜಾ ಬಂಗಡೆಗಿಂತ ಬೇಗ ಖರ್ಚಾಯಿತು. ನಕ್ಕವರೇ ಹೆಚ್ಚು. ನಗುವುದಕ್ಕೆ ಯಾರಪ್ಪನ ಗಂಟು ಹೋಗುತ್ತದೆ? ಇಪ್ಪತ್ತಾರು ವರ್ಷ ಮೀನಿನ ಬುಟ್ಟಿ ಹೊತ್ತು ಬಸ್ಸು ಹತ್ತಿ ಇಳಿದದ್ದು ನಕ್ಕವರ ಮೊಣಕಾಲಲ್ಲವಲ್ಲ.

ಮಂಜಿಗೆ ಕುಮಟಾದಲ್ಲಿ ಮೂವತ್ತು ಮನೆಗಳಿದ್ದವು. ಹಕ್ಕುಪತ್ರದ ಲೆಕ್ಕದಲ್ಲಿ ಒಂದೂ ಇಲ್ಲ, ಆದರೂ ಅವಳು 'ನನ್ನ ಮನೆಗಳು' ಎಂದೇ ಹೇಳುತ್ತಿದ್ದಳು. ಯಾವ ಮನೆಯ ಮುದುಕನಿಗೆ ಮುಳ್ಳಿಲ್ಲದ ನೊಗಲಿ ಮೀನೇ ಬೇಕು, ಯಾವ ಮನೆಯಲ್ಲಿ ಸೋಮವಾರ ಮೀನು ಮುಟ್ಟುವುದಿಲ್ಲ, ಎಲ್ಲವೂ ಅವಳಿಗೆ ಬಾಯಿಪಾಠ. ಆದರೆ ಮೀನೂಟಕ್ಕೆ ಕಾಯುವ ಮನೆ ಹತ್ತು ಗಂಟೆಯವರೆಗೆ ಕಾಯುವುದಿಲ್ಲ. ಬುಟ್ಟಿ ಕಂಡರೆ ಮುಖ ಹುಳಿ ಮಾಡುವ ಕಂಡಕ್ಟರ್ ಇದ್ದ ದಿನ ಎರಡು ಬಸ್ಸು ಬಿಟ್ಟು ಮೂರನೆಯದಕ್ಕೆ ಹತ್ತಬೇಕು. ಅಷ್ಟರಲ್ಲಿ ಬೈಕಿನ ಹಿಂದೆ ಐಸ್ ಪೆಟ್ಟಿಗೆ ಕಟ್ಟಿಕೊಂಡ ವ್ಯಾಪಾರಿಯೊಬ್ಬ ಹಾರ್ನ್ ಹೊಡೆದು ಹೋಗಿರುತ್ತಿದ್ದ. ಒಂದೇ ವರ್ಷದಲ್ಲಿ ಏಳು ಮನೆ ಹೋದವು. ಇನ್ನು ಭಾರ ಹೊತ್ತರೆ ಮೊಣಕಾಲೂ ಉಳಿಯುವುದಿಲ್ಲ ಎಂದು ಡಾಕ್ಟರು ಬೇರೆ ಹೇಳಿದರು. ಕಾರಿಲ್ಲದಿದ್ದರೆ ಉಳಿದ ಇಪ್ಪತ್ಮೂರು ಮನೆಗಳೂ ಕೈಬಿಟ್ಟು ಹೋಗುತ್ತವೆ ಎನ್ನುವುದು ಅವಳಿಗೆ ಖಚಿತವಾಗಿತ್ತು.

ಮಂಜಿ ಕೂತು ಅಳುವ ಪೈಕಿ ಅಲ್ಲ. ನಲವತ್ತೆಂಟನೆಯ ವಯಸ್ಸಿನಲ್ಲಿ ಡ್ರೈವಿಂಗ್ ಸ್ಕೂಲಿಗೆ ಸೇರಿದಳು. ಮಗಳ ವಯಸ್ಸಿನ ಹುಡುಗಿಯರ ಜೊತೆ ಕೂತು ಕಲಿತು, ಅವರಿಗಿಂತ ಮೊದಲು ಲೈಸೆನ್ಸ್ ತಂದಳು. ಗಂಡ ಶಿವ ವಾರಗಟ್ಟಲೆ ಬೋಟಿನಲ್ಲಿ ತೂಗಾಡಿ ಬರುವ ಮನುಷ್ಯ. ಆದರೆ ಕಾರು ಹತ್ತಿದರೆ ಪಕ್ಕದೂರು ಕರ್ಕಿ ದಾಟುವುದರೊಳಗೆ ವಾಂತಿ. "ನಾ ನಿನ್ನ ಕಾರು ಹತ್ತುವವ ಅಲ್ಲ, ನಂಗೆ ಎಂತದಾದ್ರೂ ಆತು" ಎಂದು ಅವನು ಆಯ್ಕೆಯ ತಲೆನೋವಿನಿಂದ ಸುಲಭವಾಗಿ ಪಾರಾದ.

ಸಲಹೆ ಕೊಡುವವರಿಗೆ ಮಾತ್ರ ಬರವಿರಲಿಲ್ಲ. ಹೊಸದೇ ತಗೋ, ಕಂತಿನಲ್ಲಿ ತೀರುತ್ತದೆ ಎಂದರು ಹಲವರು. ಮಂಜಿಗೆ ಅದು ಹಿಡಿಸಲಿಲ್ಲ. ಜೂನ್, ಜುಲೈ ಎರಡು ತಿಂಗಳು ಬೋಟು ಕಡಲಿಗಿಳಿಯುವುದಿಲ್ಲ, ಬುಟ್ಟಿ ತುಂಬುವುದಿಲ್ಲ. ಬ್ಯಾಂಕಿನ ಕಂತಿಗೆ ಮಳೆಗಾಲದ ರಜೆ ಇದೆಯೇ? ಚೀಟಿ ಎತ್ತಿ ಕೂಡಿಟ್ಟ ಎರಡು ಲಕ್ಷದೊಳಗೇ ಹಳೆಯದೊಂದು ಚಿಕ್ಕ ಕಾರು ಎಂದು ಗಟ್ಟಿ ಮಾಡಿದಳು. ಹಾಸಿಗೆ ಇದ್ದಷ್ಟು ಕಾಲು ಚಾಚುವುದರಲ್ಲಿ ಅವಳಿಗೆ ಯಾವ ನಾಚಿಕೆಯೂ ಇರಲಿಲ್ಲ.

ಹಳೆ ಕಾರು ಮಾರುವ ಜಗದೀಶನ ಅಂಗಡಿಗೆ ಎರಡು ಸಲ ಹೋದಳು. ಜೊತೆಗೆ ತಮ್ಮ ದಿನಕರ. ಬಂದರದಲ್ಲಿ ಬೋಟಿನ ಇಂಜಿನ್ ರಿಪೇರಿ, ವೆಲ್ಡಿಂಗ್ ಅವನ ಕಸುಬು. ಜಗದೀಶ ಪರದೆಯ ಮೇಲೆ ಹಾಡು ಬರುವುದನ್ನು ತೋರಿಸಿದ, ಹಿಂದೆ ಕ್ಯಾಮೆರಾ ತೋರಿಸಿದ.

"ಹಾಡು ನಂಗೇ ಬರ್ತದೆ. ಹಿಂದಿನ ಸೀಟು ಮಡಚಿದ್ರೆ ಎರಡು ಮೀನಿನ ಪೆಟ್ಟಿಗೆ ಕೂರ್ತದ್ಯಾ, ಅದು ಹೇಳಿ" ಎಂದಳು ಮಂಜಿ.

ಪೆಟ್ಟಿಗೆ ಕೂರುವ ಕಾರಿಗೆ ಬೆಲೆ ಕೂರಲಿಲ್ಲ. ಬೆಲೆ ಕೂರುವ ಕಾರು ದಿನಕರನ ಕಿವಿಗೆ ಒಪ್ಪಲಿಲ್ಲ.

ಹೀಗಿರುವಾಗ ಕುಮಟಾದ ಗಾಯತ್ರಿ ಟೀಚರ್ ತಮ್ಮ ಕಾರನ್ನೇ ಮಾರುವುದಾಗಿ ಹೇಳಿದರು. ಟೀಚರ್ ಮಂಜಿಯ ಮೊಟ್ಟಮೊದಲ ಮನೆ. ನಿವೃತ್ತರಾದರೂ ಪರೀಕ್ಷೆ ಮಾಡುವ ಚಾಳಿ ಹೋಗಿರಲಿಲ್ಲ. ಅವರ ಗಂಡ ಉಮೇಶ ನಾಯಕರಿಗೆ ಕಣ್ಣಿನ ಆಪರೇಷನ್ ಆದಮೇಲೆ ಕಾರು ಶೆಡ್ಡಿನಲ್ಲೇ ನಿಂತಿತ್ತು. ಬಿಳಿ ಬಣ್ಣ, ಐದು ಬಾಗಿಲು, ಒಂದು ಗೀರಿಲ್ಲ. ಬೆಲೆ ಸರಿಯಾಗಿ ಎರಡು ಲಕ್ಷ. ಮಂಜಿಗೆ ದೇವರೇ ಕಣ್ಣು ಬಿಟ್ಟ ಹಾಗಾಯಿತು.

ಭಾನುವಾರ ಅಕ್ಕ ತಮ್ಮ ಇಬ್ಬರೂ ಹೋದರು. ದಿನಕರ ಬಾನೆಟ್ ಎತ್ತಿದ, ಇಂಜಿನ್ ಚಾಲೂ ಮಾಡಿಸಿ ಕಣ್ಣು ಮುಚ್ಚಿ ಕೇಳಿದ, ಪೇಟೆಯ ಏರಿನವರೆಗೆ ಓಡಿಸಿಕೊಂಡು ಬಂದ. "ಇಂಜಿನ್ ಲಾಯ್ಕ್ ಉಂಟು. ತಕಾ" ಎಂದು ಅಕ್ಕನ ಕಿವಿಯಲ್ಲಿ ಹೇಳಿದ.

ಮಂಜಿ ಒಪ್ಪಲು ಅವಸರ ಮಾಡಲಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುವುದು ಮೀನು ಮಾರುವವಳಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಕಾಲಿನಡಿಯ ಮ್ಯಾಟು ಎತ್ತಿ ಒತ್ತಿ ನೋಡಿದಳು. ಹಿಂದಿನ ಬಾಗಿಲು ತೆಗೆದು, ಸ್ಟೆಪ್ನಿ ಚಕ್ರ ಇಡುವ ಗುಂಡಿಯೊಳಗೆ ಮೊಣಕೈವರೆಗೆ ಕೈ ಇಳಿಸಿ ಮೂಲೆ ಕೆರೆದಳು. ಬೆರಳು ಮೂಗಿನ ಹತ್ತಿರ ತಂದಳು. ಮತ್ತೊಮ್ಮೆ ತಂದಳು.

"ನಾಯಕ್ರೆ, ಈ ಗಾಡಿ ನೀರಲ್ಲಿ ನಿಂತದೆ" ಎಂದಳು.

"ಮಳೆ ನೀರು ಸ್ವಲ್ಪ ಸೋರಿರಬಹುದು" ಎಂದರು ಉಮೇಶ ನಾಯಕರು.

"ಮಳೆ ನೀರಿಗೆ ಈ ವಾಸ್ನೆ ಇಲ್ಲ. ಇದು ಹೊಳೆ ಕೆಸರು. ಸಮುದ್ರದ ನೀರು ಏರಿ ಕೂಡುವ ಜಾಗದ್ದು." ಬೆರಳಿಗೆ ಹತ್ತಿದ ಬೂದುಬಣ್ಣದ ಮಣ್ಣನ್ನು ಚಾಚಿ ತೋರಿಸಿದಳು.

ನಾಯಕರು ಹೆಂಡತಿಯ ಮುಖ ನೋಡಿದರು. ಟೀಚರ್ ನೆಲ ನೋಡಿದರು. ನೆರೆ ಬಂದ ವರ್ಷ ಕಾರು ದೀವಗಿಯಲ್ಲಿ ನಾದಿನಿಯ ಮನೆಯ ಅಂಗಳದಲ್ಲಿತ್ತು, ಅಘನಾಶಿನಿ ಉಕ್ಕಿ ಸೀಟಿನವರೆಗೆ ನೀರು ಬಂದಿತ್ತು ಎಂಬುದು ಒಂದೊಂದೇ ಮಾತಾಗಿ ಹೊರಗೆ ಬಂತು. ಆಗಲೇ ಇಂಜಿನ್ ಬಿಚ್ಚಿಸಿ ಕಟ್ಟಿಸಿದ್ದರು. ಆಮೇಲೆ ತೊಂದರೆ ಕೊಟ್ಟಿರಲಿಲ್ಲ. ದಿನಕರ ಕೆಳಗೆ ನುಗ್ಗಿ ಸ್ಕ್ರೂಡ್ರೈವರಿನಿಂದ ತಟ್ಟಿ ನೋಡಿದರೆ ತಳದ ತಗಡು ಎರಡು ಕಡೆ ಹಪ್ಪಳದ ಹಾಗೆ ಒಡೆಯಿತು.

ಮಂಜಿಗೆ ಮೈಯೆಲ್ಲ ಉರಿಯಿತು. ಎರಡು ಲಕ್ಷ ಹೋಗುತ್ತಿತ್ತಲ್ಲ ಎಂಬುದಕ್ಕಿಂತ, ಹೋಗುತ್ತಿದ್ದದ್ದು ಈ ಮನೆಯಲ್ಲಲ್ಲವೇ ಎಂಬುದು ಹೆಚ್ಚು ನೋಯಿಸಿತು. ಇಪ್ಪತ್ತಾರು ವರ್ಷ ಈ ಜಗುಲಿಯ ಮೇಲೆ ಒಂದೊಂದು ಮೀನಿನ ಕಿವಿರನ್ನೂ ಎತ್ತಿಸಿ ನೋಡಿದ ಟೀಚರ್ ಇವರು. ಹೊರಟು ಹೋಗೋಣವೆಂದು ದಿನಕರ ಸನ್ನೆ ಮಾಡಿದ. ಮಂಜಿ ಹೊರಡಲಿಲ್ಲ. ನಲ್ಲಿಯ ಹತ್ತಿರ ಹೋಗಿ ಕೈ ತೊಳೆದುಕೊಂಡು ಬಂದು ಜಗುಲಿಯ ಮೇಲೆ ಕೂತಳು.

"ಟೀಚರ್, ನಮ್ಮ ಬಂದರದಲ್ಲಿ ಒಂದು ಪದ್ಧತಿ ಉಂಟು. ಹೊಟ್ಟೆ ಒಡೆದ ಮೀನನ್ನ ಬೇರೆ ರಾಶಿ ಹಾಕೂದು. ಒಡೆದದ್ದು ಅಂತ ಕೂಗಿ ಹೇಳೇ ಹರಾಜು ಮಾಡೂದು. ಅದಕ್ಕೂ ಗಿರಾಕಿ ಇರ್ತ್ರು, ಒಣಗಿಸಲಿಕ್ಕೆ ತಕಂಡು ಹೋಗ್ತ್ರು. ಯಾರಿಗೂ ಅವಮಾನ ಇಲ್ಲ. ಒಳ್ಳೆ ರಾಶಿಯಲ್ಲಿ ಸೇರಿಸಿ ಮಾರಿದವಳಿಗೆ ಮಾತ್ರ ಮರುದಿವಸ ಜಾಗ ಕೊಡೂದಿಲ್ಲ."

ಮಂಜಿ ತಮ್ಮನ ಕಡೆ ತಿರುಗಿದಳು.

"ದಿನಕರ, ತಳ ಕೊಯ್ದು ಹೊಸ ತಗಡು ಕೂರಿಸ್ಲಿಕ್ಕೆ ಆಗ್ತದ್ಯಾ?"

"ಬೋಟಿಗೇ ಹಾಕ್ತೆ, ಇದಕ್ಕೆ ಎಂತ?" ಎಂದ ಅವನು. "ವಯರಿಂಗು ಪೂರಾ ಬದಲಿಸ್ಬೇಕು. ಒಂದು ತಿಂಗಳು ಬೇಕು. ಇಂಜಿನ್ ಮಾತ್ರ ನಾ ಹೇಳಿದ್ದು ಹೇಳಿದ್ದೇ, ಲಾಯ್ಕ್ ಉಂಟು."

"ಹಂಗಾದ್ರೆ ಒಡೆದ ಮೀನಿನ ದರ, ಎಂಬತ್ತು ಸಾವಿರ" ಎಂದಳು ಮಂಜಿ. "ಆತು ಅಂದ್ರೆ ಇವತ್ತೇ ಕೊಡ್ತೆ. ಇಲ್ಲ ಅಂದ್ರೆ ಬೇಜಾರಿಲ್ಲ, ಬೇರೆ ಕಾರು ನೋಡ್ತೆ."

ದುಡ್ಡು ಸೆರಗಿನಲ್ಲಿತ್ತು, ಕಾರಿನ ರೋಗ ಗೊತ್ತಿತ್ತು, ವೈದ್ಯ ಪಕ್ಕದಲ್ಲೇ ನಿಂತಿದ್ದ. ನಾಯಕರು ಚೌಕಾಸಿಗೆ ಬಾಯಿ ತೆರೆಯುವ ಮೊದಲೇ ಟೀಚರ್ "ಆತು" ಎಂದು ಒಳಗೆ ಹೋಗಿ ಕಾಗದಪತ್ರ ತಂದರು. ಫಾರಂ ತುಂಬಿದ್ದು ಅವರೇ. ಅಕ್ಷರ ಎಂದಿನಂತೆ ದುಂಡಗಿರಲಿಲ್ಲ. ಸಹಿ ಮುಗಿದ ಮೇಲೆ ದಿನಕರ ಕಾರನ್ನು ಹಿಂದಕ್ಕೆ ತಿರುಗಿಸಿ ಗೇಟಿನ ಹೊರಗೆ ನಿಲ್ಲಿಸಿದ.

ಮಂಜಿ ಚಪ್ಪಲಿ ಮೆಟ್ಟುತ್ತಿದ್ದಾಗ ಟೀಚರ್ ಜಗುಲಿಯ ಕಂಬ ಹಿಡಿದು ನಿಂತಿದ್ದರು. ಅವಳು ಕಂಡ ಟೀಚರ್ ಇಷ್ಟು ಸಣ್ಣ ದನಿಯಲ್ಲಿ ಎಂದೂ ಮಾತಾಡಿದವರಲ್ಲ.

"ಮಂಜಿ, ಇನ್ನು ನಮ್ಮ ಮನೆಗೆ ನೀನು ಬರೋದಿಲ್ಲ ಅಲ್ವಾ?"

ಮಂಜಿ ಇನ್ನೊಂದು ಚಪ್ಪಲಿಯನ್ನೂ ಮೆಟ್ಟಿದಳು. ಸಿಟ್ಟು ಇನ್ನೂ ಇತ್ತು. ಆದರೆ ಅದು ಮನೆ ಕಳೆದುಕೊಳ್ಳುವಷ್ಟು ದೊಡ್ಡದಾಗಿರಲಿಲ್ಲ.

"ಬರದೆ ಎಂತ ಮಾಡೂದು ಟೀಚರ್?" ಎಂದಳು. "ಬರೂದಕ್ಕೇ ಅಲ್ದಾ ಕಾರು ತಕಂಡದ್ದು."