ಮೂರು ಹಲಗೆ ನೋಡಿ ಬಂದೆ

ತುರುವೇಕೆರೆಯಿಂದ ಬೆಳಿಗ್ಗೆ ಆರೂವರೆಯ ಬಸ್ಸು ಹತ್ತಿದೆ. ಆಧಾರ್ ತೋರಿಸಿದ ಮೇಲೆ ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೆಟ್ ಕೊಟ್ಟು, "ಎಲ್ಲಿಗ್ ಮಿಸ್ಸು, ಇಷ್ಟ್ ಬೆಳಿಗ್ಗೇನೇ?" ಅಂದ. ಮೂವತ್ತು ವರ್ಷ ಪ್ರೈಮರಿ ಶಾಲೆಯಲ್ಲಿ ಪಾಠ ಹೇಳಿದವಳಿಗೆ ಈ ಸೀಮೆಯ ಕಂಡಕ್ಟರುಗಳಲ್ಲಿ ಅರ್ಧ ಜನ ಹಳೇ ಶಿಷ್ಯರೇ. "ಮೂರು ಹಲಗೆ ನೋಡ್ಕೊಂಡು ಬರೋಕಪ್ಪ" ಅಂದೆ. ರಿಟೈರಾದರೂ ಮಿಸ್ಸಿಗೆ ಹುಚ್ಚು ಬಿಟ್ಟಿಲ್ಲ ಎಂಬಂತೆ ನಕ್ಕು ಮುಂದಿನ ಸೀಟಿಗೆ ಹೋದ.

ಹಲಗೆಯ ಕತೆಯನ್ನು ಮೊದಲೇ ಹೇಳಿಬಿಡುತ್ತೇನೆ. ಏಳು ವರ್ಷದ ಹಿಂದೆ ನನ್ನ ತಮ್ಮ ಲೋಕೇಶ ಕಾಯಿ ಕೀಳಲು ಹತ್ತಿದ್ದ ತೆಂಗಿನ ಮರದಿಂದ ಬಿದ್ದ. ಬಿದ್ದಾಗ ಪ್ರಜ್ಞೆ ಇತ್ತು. ಕಾಲಿನ ಬೆರಳು ಆಡುತ್ತಿದ್ದುದನ್ನು ನಾನೇ ಕಣ್ಣಾರೆ ಕಂಡೆ. ಜನ ಅವನನ್ನು ಕೂರಿಸಿ ನೀರು ಕುಡಿಸಿದರು, ಕೈಕಾಲು ಹಿಡಿದು ಎತ್ತಿದರು, ಆಟೊದೊಳಗೆ ಮಡಿಸಿ ಕೂರಿಸಿದರು. ಆಸ್ಪತ್ರೆ ಬಾಗಿಲಲ್ಲಿ ಇಳಿಸುವಾಗ ಬೆರಳು ಆಡುತ್ತಿರಲಿಲ್ಲ. ಬೆನ್ನುಮೂಳೆ ಬಿದ್ದಾಗ ಮುರಿದಿತ್ತು, ಒಳಗಿನ ನರ ಎತ್ತಿದಾಗ ಹೋಯಿತು ಎಂದು ಡಾಕ್ಟರು ಹೇಳಿದರು. ಆಮೇಲೆ ಊರು ಕೊಟ್ಟಿತು ನೋಡಿ! ಅಕ್ಕಿ, ರಾಗಿ, ಕೊಬ್ಬರಿ, ಗಾಲಿಕುರ್ಚಿ, ಕುರ್ಚಿಯ ಪಕ್ಕದಲ್ಲಿ ನಿಂತು ಫೋಟೊ. ಕೊಡುವುದರಲ್ಲಿ ನಮ್ಮ ಕಡೆಯವರು ಎತ್ತಿದ ಕೈ.

ಎರಡು ವರ್ಷದ ಹಿಂದೆ ಅವರಿವರ ಹತ್ತಿರ ದುಡ್ಡು ಕೇಳಿ ಆಳುದ್ದದ ಮೂರು ಹಲಗೆ ಮಾಡಿಸಿದೆ. ಹಿಡಿಯಲು ಅಂಚಿನಲ್ಲಿ ತೂತು, ಕಟ್ಟಲು ಪಟ್ಟಿ. ಮೂರು ಊರಿಗೆ ಒಂದೊಂದು ಕೊಟ್ಟು, ಜೊತೆಗೆ ಒಬ್ಬ ನರ್ಸನ್ನು ಕರೆದುಕೊಂಡು ಹೋಗಿ ಪಾಠವನ್ನೂ ಮಾಡಿದೆ. ಬಿದ್ದವನನ್ನು ಎತ್ತಬೇಡಿ, ಕೂರಿಸಬೇಡಿ, ನೀರು ಕುಡಿಸಬೇಡಿ. ಆಂಬುಲೆನ್ಸ್ ಕರೆಯಿರಿ. ತಲೆ, ಬೆನ್ನು, ಕಾಲು ಒಂದೇ ನೇರಕ್ಕೆ ಹಿಡಿದು ಹಲಗೆಗೆ ಹೊರಳಿಸಿ. ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆಗೆ ಖರ್ಚಿಲ್ಲ. ಹೋದ ವಾರ ಸುದ್ದಿ ಬಂತು: ಆ ಮೂರರಲ್ಲಿ ಎರಡು ಊರಲ್ಲಿ ಎರಡು ತಿಂಗಳ ಹಿಂದೆಯೇ ಒಬ್ಬೊಬ್ಬರು ಮರದಿಂದ ಬಿದ್ದಿದ್ದಾರೆ. ಒಬ್ಬ ಹೊನ್ನವಳ್ಳಿ ಕಡೆಯ ರಂಗಪ್ಪ, ಇನ್ನೊಬ್ಬ ಬೋರನಕಣಿವೆ ಕಡೆಯವನು. ನನ್ನ ಹಲಗೆ ಏನು ಮಾಡಿತು ಎಂದು ತಿಳಿಯದೆ ನನಗೆ ನಿದ್ದೆ ಬರಲಿಲ್ಲ.

ತಿಪಟೂರಿನಲ್ಲಿ ಇಳಿದು ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಇಡ್ಲಿ ತಿಂದೆ. ಕೊಬ್ಬರಿಯ ಊರಿನಲ್ಲಿ ಚಟ್ನಿಗೆ ಕಾಯಿಗಿಂತ ಹುರಿಗಡಲೆಯೇ ಜಾಸ್ತಿ ಹಾಕಿದ್ದರು. ಶಿವರಾತ್ರಿ ಕಳೆದು ಎರಡು ವಾರ. ಎಂಟು ಗಂಟೆಗೇ ಬಿಸಿಲು ಚುರುಗುಟ್ಟುತ್ತಿತ್ತು. ಹೊನ್ನವಳ್ಳಿ ಬಸ್ಸಿನಲ್ಲಿ ನಿಂತೇ ಹೋದೆ. ಅಲ್ಲಿಂದ ಎರಡು ಮೈಲಿ ಒಳಗಿನ ಊರಿಗೆ ಆಟೊದವನು ಐವತ್ತು ರೂಪಾಯಿ ತೆಗೆದುಕೊಂಡ.

ಹಲಗೆ ಸಮುದಾಯ ಭವನದಲ್ಲಿತ್ತು. ಭವನಕ್ಕೆ ಬೀಗ. ಬೀಗದ ಕೈ ಉಸ್ತುವಾರಿಯ ಬಸವರಾಜು ಹತ್ತಿರ. ಬಾಗಿಲು ತೆಗೆಸಿ ನೋಡುತ್ತೇನೆ, ಗೋಡೆಯ ಮೇಲೆ ಎರಡಾಳೆತ್ತರದಲ್ಲಿ ಮೊಳೆ ಹೊಡೆದು ತೂಗುಹಾಕಿದ್ದಾರೆ! ಮೇಲೆ ಪ್ಲಾಸ್ಟಿಕ್ ಹೊದಿಕೆ, ಅರಿಶಿನ ಕುಂಕುಮ, ಆಯುಧಪೂಜೆಯ ಒಣಗಿದ ಹಾರ. ದಾನಿಗಳ ಹೆಸರು ಹಳದಿ ಅಕ್ಷರದಲ್ಲಿ ಹೊಳೆಯುತ್ತಿತ್ತು.

"ಒಂದ್ ಗೀಟೂ ಬೀಳ್ದಂಗೆ ಇಟ್ಟಿದೀವಿ ನೋಡಿ ಮೇಡಮ್" ಅಂದ ಬಸವರಾಜು.

"ರಂಗಪ್ಪ ಬಿದ್ದಾಗ ಇದನ್ನ ಯಾಕೆ ಇಳಿಸಲಿಲ್ಲ?"

"ಆವತ್ತು ನಾನು ತಿಪಟೂರ್ಗೋಗಿದ್ದೆ. ಬೀಗ ಒಡ್ಯೋಣ ಅಂದ್ರಂತೆ ಯಾರೋ. ಅಲ್ಲಾ ಮೇಡಮ್, ದಾನಿಗಳ ಹೆಸ್ರಿರೋ ವಸ್ತು, ರಕ್ತ ಗಿಕ್ತ ಆದ್ರೆ ಚೆಂದಾನಾ? ಹತ್ತು ಜನ ಸೇರಿ ಹೂವೆತ್ತಿದಂಗೆ ಎತ್ಕಂಡೋದ್ರು ಬುಡಿ."

ಸಿಟ್ಟಿನಲ್ಲಿ ಭವನದಿಂದ ಹೊರಬಿದ್ದೆ. ರಂಗಪ್ಪನ ಮನೆಗೆ ಹೋದೆ. ಅವನು ಚಾಪೆಯ ಮೇಲೆ ಮಲಗಿ ಸೂರು ನೋಡುತ್ತಿದ್ದ. ಬಗ್ಗಿ ಅವನ ಹೆಬ್ಬೆರಳು ಹಿಡಿದು, "ಗೊತ್ತಾಗುತ್ತೇನಪ್ಪ?" ಅಂದೆ. ಅವನು ಸೂರಿನಿಂದ ಕಣ್ಣು ಕೀಳಲಿಲ್ಲ. ಹೆಂಡತಿ ಸುಶೀಲ ಸೆರಗಿನಲ್ಲಿ ಮೂಗು ಒರೆಸಿಕೊಂಡು ಹೇಳಿದಳು: "ಎಲ್ರೂ ಒಳ್ಳೇರು ಕಣಮ್ಮ. ಆವತ್ತಿಂದ ನಾನು ಒಲೆ ಹಚ್ಚಿಲ್ಲ. ಒಂದೊಂದ್ ದಿನ ಒಬ್ಬೊಬ್ರು ಮನೆಯಿಂದ ಊಟ ತಂದ್ಕೊಡ್ತಾವ್ರೆ." ಹಲಗೆಯ ವಿಷಯ ನಾಲಿಗೆಯ ತುದಿಗೆ ಬಂತು, ನುಂಗಿಕೊಂಡೆ. ಅವಳ ಪಾಲಿಗೆ ಉಳಿದಿರುವುದು ಆ ಒಳ್ಳೆಯತನ ಒಂದೇ. ಅದನ್ನೂ ಕಿತ್ತುಕೊಂಡು ನಾನು ಏನು ಸಾಧಿಸಬೇಕು?

ಬಾಗಿಲಲ್ಲಿ ಬಸವರಾಜು ಕಾಯುತ್ತಿದ್ದ. "ಎಲ್ಲಾ ಸೇರಿ ಗಾಲಿಕುರ್ಚಿ ಕೊಡ್ಸೋಣ ಅಂತಿದೀವಿ. ನೀವೂ ಒಂದ್ ಕೈ ಸೇರ್ಸಿ ಮೇಡಮ್." ಸೇರಿಸಿದೆ. "ಕುರ್ಚಿ ಮೇಲೆ ಮಾತ್ರ ಹೆಸರು ಬರೆಸಬೇಡಿ. ಅವನು ದಿನಾ ಅದರಲ್ಲೇ ಕೂತಿರಬೇಕು" ಅಂದೆ. "ಅದೆಂಗಾಯ್ತದೆ ಮೇಡಮ್, ಕೊಟ್ಟೋರ್ಗೆ ಬೇಜಾರಾಗಲ್ವಾ?" ಅಂದ. ಹಲಗೆಯನ್ನು ಕೆಳಗೆ ಇಳಿಸಿ ಭವನದ ಹೊರ ಜಗುಲಿಗೆ ಹಾಕಿಸಿ ಬಂದೆ. ನನ್ನ ಆಟೊ ತಿರುವು ದಾಟುವ ಮೊದಲೇ ಅದು ಮತ್ತೆ ಮೊಳೆಗೆ ಏರಿರುತ್ತದೆ.

ತಿಪಟೂರಿಗೆ ವಾಪಸು ಬಂದು ಚಿಕ್ಕನಾಯಕನಹಳ್ಳಿ ಬಸ್ಸು ಹಿಡಿದೆ. ದಾರಿಯ ಎರಡೂ ಕಡೆ ತೆಂಗು. ಹೊರಗಿನವರಿಗೆ ಕಣ್ಣಿಗೆ ತಂಪು. ನಾನು ಏಳು ವರ್ಷದಿಂದ ಪ್ರತಿ ಮರದ ಎತ್ತರವನ್ನೇ ಅಳೆಯುತ್ತೇನೆ.

ಎರಡನೆಯ ಹಲಗೆ ಚಿಕ್ಕನಾಯಕನಹಳ್ಳಿಯ ಈಚೆಗೆ, ರಸ್ತೆ ಬದಿಯ ಒಂದು ಹಳ್ಳಿಯಲ್ಲಿತ್ತು. ಅಲ್ಲಿ ಬೀಗವೂ ಇರಲಿಲ್ಲ, ಹಾರವೂ ಇರಲಿಲ್ಲ. ಮಾರನೆಯ ದಿನ ಊರಿಗೆಲ್ಲ ಅನ್ನ ಸಂತರ್ಪಣೆ. ಚಪ್ಪರದ ಕೆಳಗೆ ಎಂಟು ಜನ ಹೆಂಗಸರು ನನ್ನ ಹಲಗೆಯ ಸುತ್ತ ಕೂತು ಅದರ ಮೇಲೆ ಸಿಹಿಗುಂಬಳ ಹೆಚ್ಚುತ್ತಿದ್ದರು. "ಬಾಳ ಉಪಯೋಗಕ್ಕೆ ಬಂತು ಕಣಮ್ಮ ನೀವ್ ಕೊಟ್ಟಿದ್ದು. ಹೋದ ಸಲ ಹೋಳಿಗೇನೂ ಇದ್ರ ಮೇಲೇ ತಟ್ಟುದ್ವಿ" ಅಂದಳು ಒಬ್ಬಾಕೆ, ಮನಸ್ಸು ತುಂಬಿ. ಪಟ್ಟಿಗಳೆಲ್ಲಿ ಅಂದೆ. ಒಂದರಲ್ಲಿ ಕರು ಕಟ್ಟಿತ್ತು. ಇನ್ನೊಂದು ಯಾರಿಗೂ ಗೊತ್ತಿಲ್ಲ. ನಾನು ಬೈದೆ, ಶಾಲೆಯಲ್ಲಿ ಬೈದ ಹಾಗೆಯೇ. ಅವರು ಬೇಜಾರು ಮಾಡಿಕೊಳ್ಳದೆ ಹಲಗೆ ತೊಳೆದು ಒರಗಿಸಿದರು, ಎಲೆ ಹಾಕಿ ಮುದ್ದೆ, ಹುರುಳಿ ಸಾರು ಬಡಿಸಿದರು. ಅನ್ನದ ಋಣ, ಎರಡನೇ ಸಲ ಬೈಯಲು ಬಾಯಿ ಬರಲಿಲ್ಲ. ರಾತ್ರಿ ಚಿಕ್ಕನಾಯಕನಹಳ್ಳಿಯಲ್ಲಿ ಹಳೆಯ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ತಂಗಿದೆ.

ಮರುದಿನ ಹುಳಿಯಾರಿಗೆ ಬಸ್ಸು. ಅಲ್ಲಿಂದ ಬೋರನಕಣಿವೆ ಕಡೆಯ ಹಟ್ಟಿಗೆ ಆಟೊ. ಇನ್ನೂರು ಕೇಳಿ ನೂರೈವತ್ತಕ್ಕೆ ಬಂದ. ಕುರಿಗಳು ಎಡಬಿಡದೆ ರಸ್ತೆ ದಾಟುತ್ತಿದ್ದವು. ಎರಡು ಕಡೆ ಕಂಡದ್ದರಿಂದ ಸೋತಿದ್ದ ಮನಸ್ಸು ಮೂರನೆಯದರಿಂದ ಏನನ್ನೂ ನಿರೀಕ್ಷಿಸುತ್ತಿರಲಿಲ್ಲ.

ಹಲಗೆ ಕರಿಯಮ್ಮನ ಮನೆಯ ಸೂರಿನ ಕೆಳಗೆ ಗೋಡೆಗೆ ಒರಗಿತ್ತು. ಪಟ್ಟಿಗಳನ್ನು ಸುತ್ತಿ ಅದರ ಮೇಲೇ ಕಟ್ಟಿದ್ದಳು. ಬಣ್ಣ ಕೆರೆದು ಹೋಗಿತ್ತು, ದಾನಿಗಳ ಹೆಸರಿನಲ್ಲಿ ಅರ್ಧ ಅಳಿಸಿತ್ತು. ಮೂವತ್ತೈದರ ಹೆಂಗಸು ಕರಿಯಮ್ಮ. ಎರಡು ವರ್ಷದ ಹಿಂದೆ ನನ್ನ ಪಾಠಕ್ಕೆ ಮುಂದಿನ ಸಾಲಿನಲ್ಲಿ ಕೂತಿದ್ದವಳು. ಮರದಿಂದ ಬಿದ್ದವನು ಅವಳ ಮೈದುನ ಜುಂಜಣ್ಣ. ನಾನು ಅವನ ವಿಷಯ ಕೇಳುವಷ್ಟರಲ್ಲಿ ಸೊಂಟಕ್ಕೆ ಬೆಲ್ಟು ಕಟ್ಟಿಕೊಂಡ ಒಬ್ಬ ಹುಡುಗ ಹಿತ್ತಲ ಕಡೆಯಿಂದ ನಿಧಾನವಾಗಿ ನಡೆದು ಬಂದ. ಜುಂಜಣ್ಣನೇ! ಅವನ ಮುಖ ನೋಡಲಿಲ್ಲ ನಾನು, ಪಾದ ನೋಡಿದೆ. ಮಣ್ಣಾದ ಎರಡು ಪಾದಗಳು, ಒಂದರ ಹಿಂದೆ ಒಂದು. ಕಣ್ಣಲ್ಲಿ ನೀರು ಬಂತು.

"ಅತ್ಗೆ ಒಂದೂವರೆ ಗಂಟೆ ಬಿಸ್ಲಲ್ಲಿ ಕೆಡವ್ಕಂಡಿದ್ಲು ಕಣ್ರಮ್ಮ" ಅಂದ ಅವನು. ನಗುತ್ತಿರಲಿಲ್ಲ. "ನಾಲ್ಗೆ ಒಣಗೋಗಿತ್ತು. ಒಂದ್ ತೊಟ್ಟು ನೀರ್ ಕೊಡ್ಲಿಲ್ಲ."

ಅವನು ಅತ್ತ ಹೋದ ಮೇಲೆ ಕರಿಯಮ್ಮ ತಗ್ಗಿದ ದನಿಯಲ್ಲಿ ನಡೆದದ್ದು ಹೇಳಿದಳು. "ದೊಣ್ಣೆ ಹಿಡ್ಕಂಡ್ ನಿಂತ್ಕಂಡೆ ಮಿಸ್ಸು. ಎತ್ತಬ್ಯಾಡಿ, ಎತ್ತುದ್ರೆ ಹೊಡೀತೀನಿ ಅಂದೆ. ಕಂಬ್ಳಿ ನೆರಳು ಹಿಡ್ಸಿದ್ದೆ. ಆಂಬುಲೆನ್ಸ್ ಬರೋಗಂಟ ಹಂಗೇ ನಿಂತಿದ್ದೆ, ಅವ್ರು ಬಂದ್ಮೇಲೇನೇ ನೀವ್ ಹೇಳ್ಕೊಟ್ಟಂಗೆ ಹಲ್ಗೆಗೆ ಹೊರಳ್ಸಿ ಎತ್ತಿದ್ದು. ಅವ್ನು ನೀರು ನೀರು ಅಂತಿದ್ದ, ನಂಗೆ ಹೊಟ್ಟೆ ಉರೀತಿತ್ತು. ಆಸ್ಪತ್ರೇಲಿ ಡಾಕ್ಟ್ರು ಒಳ್ಳೇ ಕೆಲ್ಸ ಮಾಡ್ದೆ ಕಣಮ್ಮ ಅಂದ್ರು. ಹಟ್ಟೀಲಿ ಯಾರೂ ಅನ್ಲಿಲ್ಲ. ಕಲ್ಲೆದೆಯೋಳು ಅಂತಾವ್ರೆ. ಅತ್ತೆ ನನ್ ಕೈಲಿ ಊಟ ಈಸ್ಕಳ್ತಿಲ್ಲ. ನೀವಾದ್ರೂ ಅವರ್ಗೆ ಒಂದ್ ಮಾತ್ ಹೇಳಿ ಮಿಸ್ಸು."

ಹೇಳದೆ ಇರುತ್ತೇನೆಯೇ! ಮೂರರಲ್ಲಿ ಒಂದು ಹಲಗೆ ಒಬ್ಬನ ಕಾಲು ಉಳಿಸಿದೆ. ಅತ್ತೆ ಈರಜ್ಜಿ ಜಗುಲಿಯಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದರು. ನಾಲ್ಕಾರು ನೆರೆಯವರೂ ಸೇರಿದರು. ಕೈಕಾಲು ಹಿಡಿದು ಎತ್ತಿದ್ದರೆ ಏನಾಗುತ್ತಿತ್ತು ಎಂದು ಬಿಡಿಸಿ ಹೇಳಿದೆ. ಹೊನ್ನವಳ್ಳಿ ಕಡೆಯ ರಂಗಪ್ಪನ ಕತೆ ಹೇಳಿದೆ, ನನ್ನ ತಮ್ಮನ ಕತೆ ಹೇಳಿದೆ. "ನಿಮ್ಮ ಮಗ ಇವತ್ತು ನಡೀತಿರೋದು ನಿಮ್ಮ ಸೊಸೆಯಿಂದ ಅಜ್ಜಿ" ಅಂದೆ.

ಅಜ್ಜಿ ಕುಟ್ಟುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. "ನಿಮ್ ತಮ್ಮ ಬಿದ್ದಾಗ ನೀವೂ ಹಿಂಗೇ ದೊಣ್ಣೆ ಹಿಡ್ಕಂಡ್ ನಿಂತಿದ್ರಾ ತಾಯಿ?"

ಸುಳ್ಳು ಹೇಳಬಹುದಿತ್ತು. ಕರಿಯಮ್ಮ ನನ್ನ ಬಾಯಿಯನ್ನೇ ನೋಡುತ್ತಿದ್ದಳು, ಅವಳ ಮುಂದೆ ಹೇಳಲಾಗಲಿಲ್ಲ. ಆ ದಿನ ಜನ ಲೋಕೇಶನನ್ನು ಮುಟ್ಟಲು ಹೆದರಿ ದೂರವೇ ನಿಂತಿದ್ದರು. "ನೋಡ್ತಾ ನಿಂತಿದೀರಲ್ಲ, ಎತ್ರೋ!" ಎಂದು ಕೂಗಿದವಳು ನಾನು, ಐವತ್ತು ಮಕ್ಕಳನ್ನು ಸುಮ್ಮನಿರಿಸುವ ಆ ದನಿಯಲ್ಲಿ. ಏಳು ವರ್ಷದಲ್ಲಿ ಯಾರಿಗೂ ಹೇಳದ ಮಾತು ಅದು.

"ಇಲ್ಲ ಅಜ್ಜಿ. ಎತ್ತಿ ಅಂತ ಕೂಗಿದ್ದೇ ನಾನು. ಅದಕ್ಕೇ ಅವನು ಏಳಲಿಲ್ಲ."

ಅಜ್ಜಿಯ ಕಣ್ಣು ತುಂಬಿತು. ನನ್ನ ಕೈ ಹಿಡಿದು ಸವರಿದರು. "ಒಡಹುಟ್ಟಿದ ಕರುಳು ಕಣವ್ವ, ಸುಮ್ಕೆ ನಿಂತ್ಕತದಾ?" ಅಂದರು. ಆಮೇಲೆ ಸೊಸೆಯ ಕಡೆ ತಿರುಗಿದರು. "ನೋಡ್ದೇನೇ? ಕರುಳಿರೋರು ಹಂಗೆ ಕಣೇ."

ನೆರೆಯವರು ತಲೆ ಆಡಿಸಿದರು. ಹಾಗಲ್ಲ ಅಜ್ಜಿ ಎಂದು ನಾನು ಬಡಬಡಿಸಿದ್ದು ಯಾರ ಕಿವಿಗೂ ಹೋಗಲಿಲ್ಲ. ಕರಿಯಮ್ಮ ಎದ್ದು ಒಳಗೆ ಹೋಗಿ, ಒಂದು ಲೋಟ ಮಜ್ಜಿಗೆ ತಂದು ನನ್ನ ಮುಂದಿಟ್ಟಳು. ಅವಳ ಪರ ಸಾಕ್ಷಿ ಹೇಳಲು ಹೋದವಳು ಅವಳ ವಿರುದ್ಧ ಹೇಳಿ ಮುಗಿಸಿದ್ದೆ.

ಆಟೊ ಹತ್ತುವಾಗ ಅವಳು ಬಳಿ ಬಂದಳು. "ಇನ್ನೊಂದ್ ಸಲ ಯಾರಾದ್ರೂ ಬಿದ್ರೆ ನಾನ್ ಏನ್ ಮಾಡ್ಲಿ ಮಿಸ್ಸು?"

"ಇದೇ ಮಾಡು ಕಣಮ್ಮ."

"ನೀವ್ ಹೇಳ್ತೀರ" ಅಂದಳು. "ಇಲ್ಲಿರೋಳು ನಾನಲ್ವಾ." ಆಟೊ ಹೊರಟ ಮೇಲೆ ತಿರುಗಿ ನೋಡಿದೆ. ಅವಳು ಹೊತ್ತು ತಿರುಗಿ ಬಿಸಿಲು ಬಿದ್ದಿದ್ದ ಹಲಗೆಯನ್ನು ಸೂರಿನ ನೆರಳಿಗೆ ಸರಿಸುತ್ತಿದ್ದಳು.

ಹುಳಿಯಾರು, ಚಿಕ್ಕನಾಯಕನಹಳ್ಳಿ, ತಿಪಟೂರು. ಮೂರು ಬಸ್ಸು, ಮೂರು ಸೊನ್ನೆ ಟಿಕೆಟ್. ತುರುವೇಕೆರೆ ತಲುಪಿದಾಗ ದೀಪ ಹಚ್ಚುವ ಹೊತ್ತು. ಲೋಕೇಶ ಬಾಗಿಲಿಗೆ ಕುರ್ಚಿ ಉರುಳಿಸಿಕೊಂಡು ಬಂದು ಕಾಯುತ್ತಿದ್ದ.

"ಏನಾಯ್ತಕ್ಕ ಹಲಗೆ?"

"ಒಂದು ಗೋಡೆ ಮೇಲೆ. ಒಂದು ಕುಂಬಳಕಾಯಿ ಕೆಳಗೆ. ಒಂದರಿಂದ ಒಬ್ಬ ಹುಡುಗ ಎದ್ದು ಓಡಾಡ್ತಿದ್ದಾನೆ."

"ಬೆರಳು ಆಡ್ತವಾ?"

"ಆಡ್ತವೆ."

ಅವನು ತನ್ನ ಪಾದ ನೋಡಿಕೊಂಡ. ಹಟ್ಟಿಯಲ್ಲಿ ಪರರ ಮುಂದೆ ಹೇಳಿದ್ದನ್ನು ಇವನಿಗೆ ಹೇಳದೆ ಹೇಗೆ ಊಟ ಬಡಿಸಲಿ? ಚಪ್ಪಲಿಯನ್ನೂ ಬಿಡದೆ ಅವನ ಮುಂದೆ ಕೂತೆ. "ಲೋಕಿ, ಆವತ್ತು ಎತ್ತಿ ಅಂತ ಕೂಗಿದ್ದು ನಾನು ಕಣೋ."

"ಗೊತ್ತು ಕಣಕ್ಕ. ಕೇಳುಸ್ತು" ಅಂದ ಅವನು. "ಜನ ಎಲ್ಲಾ ದೂರ ನಿಂತ್ಬುಟ್ಟಿದ್ರಲ್ಲ, ನಂಗೆ ಜೀವಾನೇ ಹೋದಂಗಾಗಿತ್ತು. ನಿನ್ ದನಿ ಕೇಳ್ತಿದ್ದಂಗೆ, ಅಕ್ಕ ಬಂದ್ಲು, ಇನ್ನೇನೂ ಭಯ ಇಲ್ಲ ಅನ್ಕಂಡೆ."