ಕುಸುಮಾ ಹಾಕಿದ ಬಿಗಿ ಮುಚ್ಚಳ

ಬಸವೇಶ್ವರನಗರದ ಮಹಡಿ ಮನೆಯಲ್ಲಿ ಬಾಡಿಗೆಗಿದ್ದ ಕುಸುಮಾಗೆ ಸೇಬಿನ ರಸ ಹುದುಗಿಸಿ ನೊರೆಯುಕ್ಕುವ ಪಾನೀಯ ಮಾಡುವ ಹುಚ್ಚು. ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸಿನಲ್ಲಿ ಅವಳದು ಹೊಲಿದ ಗುಂಡಿಗಳನ್ನು ಜಗ್ಗಿ ನೋಡುವ ಕೆಲಸ. ಸಡಿಲವಾದದ್ದು ಯಾವುದನ್ನು ಕಂಡರೂ ಅವಳಿಗೆ ಆಗುತ್ತಿರಲಿಲ್ಲ. ಹಾಗಾಗಿ ಮೊದಲ ಸಲ ಬಾಟಲಿಯ ಬಿರಡೆ ತಾನಾಗಿ ಹಾರಿ, ಟ್ಯೂಬ್‌ಲೈಟಿಗೆ ಬಡಿದು, ಗೋಡೆಯೆಲ್ಲ ರಸವಾದಾಗ ಅವಳಿಗೆ ಅವಮಾನವಾಯಿತು.

"ಗಾಳಿ ಹೋಗೋಕೆ ಜಾಗ ಬೇಕಲ್ವೇನೇ?" ಎಂದು ಗಂಡ ಜಗನ್ನಾಥ ನಕ್ಕ.

"ಗಾಳಿ ಹೋದ್ರೆ ನೊರೆ ಎಲ್ಲಿಂದ ಬರತ್ತೆ? ಈ ಸಲ ಬಿಗಿ ಮುಚ್ಚಳ ತರ್ತೀನಿ, ನೋಡ್ತಾ ಇರಿ."

ತಗಡಿನ ಮುಚ್ಚಳ ಹಾಕೋಣವೆಂದರೆ ಒತ್ತುವ ಯಂತ್ರ ಬೇಕು, ಬಿಯರ್ ಬಾಟಲಿಗಳೂ ಬೇಕು. ಅವನ್ನು ಸಾಲಾಗಿ ಇಟ್ಟರೆ ಮನೆ ಓನರ್ ಏನಂದುಕೊಂಡಾರು? ಸೋಡಾದ ಪ್ಲಾಸ್ಟಿಕ್ ಬಾಟಲಿಯಲ್ಲಿ ಕೊಟ್ಟರೆ ಚೆನ್ನಾಗಿ ಕಾಣುವುದಿಲ್ಲ. ಕೊನೆಗೆ ಚಿಕ್ಕಪೇಟೆಯಿಂದ ಎಣ್ಣೆ ತುಂಬಿಡುವ ಅಂದದ ತೆಳು ಗಾಜಿನ ಬಾಟಲಿಗಳನ್ನು ತಂದಳು. ಪಿಂಗಾಣಿ ಮುಚ್ಚಳ, ಅದರಡಿ ರಬ್ಬರ್ ಉಂಗುರ, ಅದುಮಿ ಹಿಡಿಯುವ ತಂತಿಯ ಕ್ಲಿಪ್ಪು. ಎಷ್ಟು ಜಗ್ಗಿದರೂ ಮುಚ್ಚಳ ಅಲುಗಲಿಲ್ಲ. ರಸ ತುಂಬಿ, ನೊರೆ ಬರಲೆಂದು ಧಾರಾಳವಾಗಿ ಸಕ್ಕರೆ ಹಾಕಿ ಮುಚ್ಚಿದಳು. ಒಂದು ಬಾಟಲಿಯನ್ನು ಕೆಳಗಿನ ಮನೆಯ ಓನರ್ ಅಕ್ಕಯ್ಯಮ್ಮನಿಗೆ ಕೊಟ್ಟು ಬಂದಳು.

ಅದೊಂದು ಭಾನುವಾರ, ವಿಪರೀತ ಸೆಕೆ. ಜಗನ್ನಾಥ ಕೆಂಗೇರಿಗೆ ಹೋಗಿದ್ದ. ಕುಸುಮಾ ಹಾಲ್‌ನಲ್ಲಿ ಬಟ್ಟೆ ಮಡಚುತ್ತಿದ್ದಾಗ ಅಡುಗೆಮನೆಯಲ್ಲಿ ಸಿಲಿಂಡರ್ ಸಿಡಿದಂಥ ಸದ್ದಾಯಿತು. ಓಡಿಹೋಗಿ ನೋಡಿದರೆ ಒಂದು ಬಾಟಲಿ ಚೂರುಚೂರು. ಬಾಗಿಲಿನ ಮರಕ್ಕೆ ಗಾಜು ನಾಟಿತ್ತು. ನೆಲದ ಮೇಲೆ ಬಿದ್ದಿದ್ದ ಕೊರಳಿನ ತುಂಡಿಗೆ ಮುಚ್ಚಳ ಮಾತ್ರ ಭದ್ರವಾಗಿ ಕಚ್ಚಿಕೊಂಡಿತ್ತು.

ಮರುಕ್ಷಣ ಅಕ್ಕಯ್ಯಮ್ಮನಿಗೆ ಕೊಟ್ಟ ಬಾಟಲಿಯ ನೆನಪಾಯಿತು. ಅಡುಗೆಮನೆಯ ಬಾಗಿಲೆಳೆದುಕೊಂಡು ಬರಿಗಾಲಲ್ಲೇ ಮೆಟ್ಟಿಲಿಳಿದಳು.

ಕೆಳಗಿನ ಬಾಗಿಲಿಗೆ ಒಳಗಿಂದ ಚಿಲಕ. ಒಳಗೆ ಟಿವಿ ಕಿರುಚುತ್ತಿತ್ತು. ಮುದುಕಿಗೆ ಕಿವಿ ಮೊದಲೇ ಮಂದ. ಕಿಟಕಿಯಲ್ಲಿ ಇಣುಕಿದರೆ ಅಕ್ಕಯ್ಯಮ್ಮ ಬಾಟಲಿಯನ್ನು ತೊಡೆಯ ಮೇಲಿಟ್ಟುಕೊಂಡು, ಮುಖ ಬಗ್ಗಿಸಿ, ಚಮಚದ ಹಿಡಿಯಿಂದ ಕ್ಲಿಪ್ಪನ್ನು ಮೀಟುತ್ತಿದ್ದರು.

"ಅಮ್ಮಾ! ಅದನ್ನ ಮುಟ್ಬೇಡಿ!"

ಅವರು ತಲೆಯೆತ್ತಲಿಲ್ಲ. ಕಿಟಕಿ ಬಡಿದರೆ ಬೆಚ್ಚಿ ಬಾಟಲಿ ಕೈಜಾರಿಸಿಬಿಟ್ಟರೆ? ಕುಸುಮಾ ಎತ್ತಿದ ಕೈಯನ್ನು ಹಾಗೇ ಹಿಂದೆಳೆದುಕೊಂಡಳು. ಆಗ ಮೆಟ್ಟಿಲ ಕೆಳಗಿನ ಮೀಟರ್ ಬೋರ್ಡು ಕಣ್ಣಿಗೆ ಬಿತ್ತು. ಓಡಿಹೋಗಿ ಮೇನ್ ಸ್ವಿಚ್ ಕೆಳಗಿಳಿಸಿದಳು.

ಟಿವಿ ನಿಂತಿತು. "ಥೂ, ಕರೆಂಟು!" ಎಂದು ಗೊಣಗುತ್ತ ಅಕ್ಕಯ್ಯಮ್ಮ ಬಾಟಲಿಯನ್ನು ಟೀಪಾಯಿಯ ಮೇಲಿಟ್ಟು, ಪಕ್ಕದ ಮನೆಗಳಲ್ಲೂ ಹೋಗಿದೆಯೇ ಎಂದು ನೋಡಲು ಬಾಗಿಲಿಗೆ ಬಂದರು. ಚಿಲಕ ತೆಗೆದದ್ದೇ ತಡ, ಕುಸುಮಾ ಅವರ ರಟ್ಟೆ ಹಿಡಿದು ಹೊರಗೆಳೆದಳು.

"ಏನಾಯ್ತೇ ನಿಂಗೆ?"

"ಆ ಬಾಟ್ಲು ಸಿಡಿಯತ್ತಮ್ಮಾ. ಮೇಲೆ ಒಂದು ಆಗ್ಲೇ ಸಿಡೀತು. ನೀವು ಗೇಟ್ ಹತ್ರಾನೇ ಇರಿ."

ಮೇಲೆ ಹೋಗಿ ಹೆಲ್ಮೆಟ್ ಹಾಕಿಕೊಂಡು, ದಪ್ಪನೆಯ ಕಂಬಳಿ ತಂದಳು. ಬಾಟಲಿಯ ಮೇಲೆ ಕಂಬಳಿಯನ್ನು ಮಡಿಕೆ ಮಡಿಕೆಯಾಗಿ ಹೊದಿಸಿ, ಅದರ ಮೇಲಿಂದಲೇ ತಡವುತ್ತ ಕ್ಲಿಪ್ಪನ್ನು ಹುಡುಕಿದಳು. ಹೆಬ್ಬೆರಳಿನಿಂದ ತಂತಿಯನ್ನು ಮೇಲಕ್ಕೆ ಒತ್ತಿದಳು. ಟಪ್ ಎಂದು ಮುಚ್ಚಳ ಕಳಚಿತು, ಕಂಬಳಿಯೊಳಗೆ ನೊರೆ ಬುಸುಗುಟ್ಟಿ ಟೀಪಾಯಿಯಿಂದ ಸುರಿಯತೊಡಗಿತು. ಗಾಜು ಒಡೆಯಲಿಲ್ಲ.

ಮಹಡಿಯಲ್ಲಿ ಉಳಿದವನ್ನೂ ಹೀಗೆಯೇ ಒಂದೊಂದಾಗಿ ತೆರೆದಳು. ಕೊನೆಯದು ಮುಗಿದ ಮೇಲೆ ಮೆಟ್ಟಿಲ ಮೇಲೆ ಕುಸಿದು ಕೂತು ಅತ್ತಳು.

"ನಿಮ್ಮ ಕಣ್ಣಿಗೇನಾದ್ರೂ ಆಗಿದ್ರೆ..."

"ಆಗ್ಲಿಲ್ವಲ್ಲ, ಏಳು," ಎನ್ನುತ್ತ ಅಕ್ಕಯ್ಯಮ್ಮ ಅವಳ ರಟ್ಟೆ ಹಿಡಿದು ಎಬ್ಬಿಸಿದರು. "ಕಂಬಳಿ ನೆನೆಸಿಡು, ಇರುವೆ ಬರ್ತವೆ."

ಕೆಲವು ತಿಂಗಳು ಕುಸುಮಾ ಸೇಬಿನ ಗಾಡಿಯ ಕಡೆ ತಿರುಗಿ ನೋಡಲಿಲ್ಲ. ಮತ್ತೆ ಮಾಡಿದಾಗ ತಿರುಪಿನ ಮುಚ್ಚಳದ ಸೋಡಾ ಬಾಟಲಿಗಳನ್ನೇ ಆರಿಸಿದಳು. ದಿನಾ ಬೆಳಿಗ್ಗೆ ಹಿಸುಕಿ ನೋಡುವಳು. ಪ್ಲಾಸ್ಟಿಕ್ಕು ಬೆರಳಿಗೆ ಬಗ್ಗದಷ್ಟು ಗಟ್ಟಿಯಾದೊಡನೆ ಫ್ರಿಜ್ಜಿಗೆ ಸೇರಿಸುವಳು. ಅಕ್ಕಯ್ಯಮ್ಮನಿಗೆ ಬಾಟಲಿ ಕೊಡುವ ಧೈರ್ಯ ಮಾತ್ರ ಬರಲಿಲ್ಲ. ತಾನೇ ಲೋಟಕ್ಕೆ ಬಗ್ಗಿಸಿಕೊಂಡು ಕೆಳಗೆ ಹೋದಳು.

ಮುದುಕಿ ಒಂದು ಗುಟುಕು ಕುಡಿದು ಮುಖ ಕಿವುಚಿದರು. "ಇಷ್ಟು ಹುಳಿಗೆ ಅಷ್ಟೆಲ್ಲ ರಾದ್ಧಾಂತವಾ?" ಎಂದರು. ಆದರೂ ಲೋಟ ಖಾಲಿ ಮಾಡಿಯೇ ಕೆಳಗಿಟ್ಟರು.